ಮೂವರು ಅರಸರ ಮೂರು ಹಗ್ಗ

ಬಹಳ ಹಿಂದೆ, ಮೂರು ದೊಡ್ಡ ರಾಜ್ಯಗಳ ನಡುವೆ ಹೊಂಗೆನಾಡು ಎಂಬ ಪುಟ್ಟ ರಾಜ್ಯ ಸಿಕ್ಕಿಕೊಂಡಿತ್ತು. ಆ ಮೂವರು ಅರಸರೂ ಒಬ್ಬರ ಮೇಲೊಬ್ಬರು ಯುದ್ಧಕ್ಕೆ ಸಜ್ಜಾಗಿದ್ದರು. ಹೊಡೆದಾಡಲು ಆರಿಸಿಕೊಂಡದ್ದು ಮಾತ್ರ ಹೊಂಗೆನಾಡಿನ ಹೊಳೆದಂಡೆ.

ಹೊಂಗೆನಾಡಿನ ದೊರೆಗೆ ತನ್ನ ಮಂತ್ರಿಗಳ ಮೇಲೂ ನಂಬಿಕೆಯಿರಲಿಲ್ಲ. ಹಗ್ಗ ಹೊಸೆದು ಮಾರುವ ಬೊಮ್ಮಕ್ಕನನ್ನು ಕರೆಸಿದ.

"ಮೂರೂ ಕೋಟೆಗಳ ಒಳಗೆ ಹೋಗಿಬರುವವಳು ನೀನು. ಯಾರ ಬಲ ಎಷ್ಟು, ಯಾರ ಕುಂದು ಏನು, ನೋಡಿ ಬಾ. ಗೆಲ್ಲುವವನ ಪಕ್ಷ ಸೇರೋಣ."

ಬೊಮ್ಮಕ್ಕನ ತಮ್ಮ ದ್ಯಾವ ಹೊಂಗೆನಾಡಿನ ಸೈನ್ಯದ ಮೊದಲ ಸಾಲಿನಲ್ಲಿದ್ದ. ಅಕ್ಕನ ಲೆಕ್ಕ ತಪ್ಪಿದರೆ ಮೊದಲು ಬೀಳುವವನು ಅವನೇ.

ಮೂಡಣ ಕೋಟೆಯಲ್ಲಿ ಕಬ್ಬಿಣದ ಆನೆಯಿತ್ತು. ಎಂಥ ಗೋಡೆಯನ್ನೂ ಒಡೆಯುತ್ತಿತ್ತು. ಕೆಸರಿಗೆ ಇಳಿದರೆ ಹೂತುಹೋಗುತ್ತಿತ್ತು.

"ಇದನ್ನು ಕೊಟ್ಟವರು ಯಾರಪ್ಪಾ?"

"ಬಿಳಿಗಡ್ಡದ ಮಾಂತ್ರಿಕ ಕಣಕ್ಕ. ಪುಕ್ಕಟೆ ಕೊಟ್ಟ," ಎಂದ ಮಾವುತ.

"ಪುಕ್ಕಟೆಯೇ!" ಬೊಮ್ಮಕ್ಕ ಹುಬ್ಬು ಗಂಟಿಕ್ಕಿದಳು.

ಪಡುವಣ ಕೋಟೆಯಲ್ಲಿ ದೋಣಿ ನುಂಗುವ ಮೊಸಳೆಯಿತ್ತು. ನೀರಿನಲ್ಲಿ ಅದಕ್ಕೆ ಎದುರಿಲ್ಲ. ದಡ ಮಾತ್ರ ಹತ್ತಲಾರದು. ಕೊಟ್ಟವನು ಅದೇ ಬಿಳಿಗಡ್ಡದವನು. ಅದೂ ಪುಕ್ಕಟೆ.

ಬಡಗಣ ಕೋಟೆಯಲ್ಲಿ ಬೆಂಕಿಯುಗುಳುವ ಹದ್ದು. ನೀರು ಸೋಕಿದರೆ ಆರಿಹೋಗುತ್ತಿತ್ತು. ಬೊಮ್ಮಕ್ಕ ಹದ್ದಿಗಿಂತ ಅದರ ಕಾಲಿನ ಹಗ್ಗವನ್ನೇ ನೋಡಿದಳು. ಆನೆಗೂ ಮೊಸಳೆಗೂ ಕಟ್ಟಿದ್ದು ಇಂಥದ್ದೇ. ಮೂರೂ ಕಡೆ ಒಂದೇ ಕೈ ಹೊಸೆದ ಹಗ್ಗ! ಹಗ್ಗದವರು ಯಾರೂ ಹೊಸೆಯದ, ಎಡಕ್ಕೆ ತಿರುಚಿದ ಎಡಹುರಿ! ಮೆಲ್ಲಗೆ ಒಂದು ಸುತ್ತು ಬಿಚ್ಚಿದಳು. ಹದ್ದಿನ ಒಂದು ಗರಿ ಬೂದಿಯಾಗಿ ಉದುರಿತು.

'ಯಾರೂ ಗೆಲ್ಲಬಾರದು, ಎಲ್ಲರೂ ಸತ್ತ ಮೇಲೆ ತಾನು ಆಳಬೇಕು ಅಂತ ಒಂದೊಂದಕ್ಕೂ ಒಂದು ಕುಂದಿಟ್ಟು ಅಳೆದು ಕೊಟ್ಟಿದ್ದಾನೆ ಮುದುಕ,' ಎಂದುಕೊಂಡಳು.

ಯುದ್ಧದ ಬೆಳಿಗ್ಗೆ ಮೂವರು ಅರಸರೂ ತಮ್ಮ ತಮ್ಮ ಮೃಗದ ಹಗ್ಗ ಹಿಡಿದು ಹೊಳೆದಂಡೆಗೆ ಬಂದರು. ದೊರೆಗೆ ತಿಳಿಸಿ ಬಂದಿದ್ದ ಬೊಮ್ಮಕ್ಕ ನಡುವೆ ನಿಂತು ಕಂಡದ್ದನ್ನೆಲ್ಲ ಹೇಳಿದಳು. "ಹುರಿ ಬಿಚ್ಚಿ. ಮಾಯೆಯೂ ಬಿಚ್ಚುತ್ತದೆ."

"ಅವನು ಮೊದಲು ಬಿಚ್ಚಲಿ," ಎಂದ ಮೂಡಣದ ಅರಸ.

"ನಾನು ಬಿಚ್ಚಿದ ಕೂಡಲೇ ನಿನ್ನ ಆನೆ ನುಗ್ಗಲಿ ಅಂತಲೋ?" ಎಂದ ಪಡುವಣದವನು.

"ಇಬ್ಬರೂ ಕಳ್ಳರೇ!" ಎಂದ ಬಡಗಣದವನು.

"ಮೂವರೂ ಕಳ್ಳರೇ ಆಗಿರಿ ಸ್ವಾಮಿ. ಹಿಡಿ ಬಿಡಬೇಡಿ, ತುದಿಯಷ್ಟೇ ಕೊಡಿ," ಎಂದಳು ಬೊಮ್ಮಕ್ಕ.

ಮೂರೂ ತುದಿಗಳನ್ನು ತಾನು ತಂದಿದ್ದ ಹಗ್ಗ ಹೊಸೆಯುವ ರಾಟೆಗೆ ಸಿಕ್ಕಿಸಿ ಬಲಕ್ಕೆ ತಿರುಗಿಸಿದಳು. ಮೂರರ ಹುರಿಯೂ ಒಟ್ಟಿಗೇ ಸಡಿಲವಾಯಿತು. ಮೊದಲು ಯಾರೂ ಇಲ್ಲ, ಕೊನೆಗೆ ಯಾರೂ ಇಲ್ಲ.

"ನಿಲ್ಲಿಸೇ!" ಬಿಳಿಗಡ್ಡದವನು ಅರಚುತ್ತ ಸೈನ್ಯದ ಹಿಂದಿನಿಂದ ಓಡಿಬಂದ.

"ನೋಡಿದಿರಾ, ಯಾರ ಹೊಟ್ಟೆ ಉರಿಯುತ್ತಿದೆ ಅಂತ?" ಎಂದವಳೇ ಇನ್ನೊಂದು ಸುತ್ತು ತಿರುಗಿಸಿದಳು. ಆನೆ ತುಕ್ಕಾಯಿತು, ಮೊಸಳೆ ನೊರೆಯಾಯಿತು, ಹದ್ದು ಬೂದಿಯಾಯಿತು. ಮಾಂತ್ರಿಕ ಒಂದು ಹಿಡಿ ನಾರಾಗಿ ಗಾಳಿಗೆ ಹಾರಿಹೋದ.

ಅಂದು ಮಧ್ಯಾಹ್ನ ಹೊಳೆದಂಡೆಯಲ್ಲೇ ಊಟ. ಮೂವರು ಅರಸರೂ ಎಲೆಯ ಮುಂದೆ ಕುಳಿತು, ಇನ್ನೊಬ್ಬ ಮೊದಲು ಉಣ್ಣಲಿ ಎಂದು ಕಾದರು. ಬೊಮ್ಮಕ್ಕ ದ್ಯಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ತುತ್ತು ಬಾಯಿಗಿಟ್ಟಳು.

"ಉಪ್ಪು ಕಮ್ಮಿ," ಎಂದಳು.

ಆಮೇಲೆ ಎಲ್ಲರೂ ಉಂಡರು. ನಾಲ್ಕೂ ರಾಜ್ಯಗಳ ಜನ ಬಹುಕಾಲ ನೆಮ್ಮದಿಯಾಗಿ ಬಾಳಿದರು.