ಮನವಿ ಪತ್ರದ ಅಂಬಮ್ಮ

ವೇದಶ್ರೀಗೆ ಆ ದನಿ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ.

"ಈ ಫೋಟೋ ತಗದವ್ರು ಯಾರ್ರೀ?"

ರಾಯಚೂರಿನ ಸ್ಟೇಷನ್ ರಸ್ತೆಯ ಆ ಸಣ್ಣ ಆಫೀಸಿನ ಬಾಗಿಲಲ್ಲಿ ನಿಂತವನ ಕೈಯಲ್ಲಿ ಅವಳು ಕೆಲಸ ಮಾಡುವ ಸೇವಾ ಸಂಸ್ಥೆ ದೇಣಿಗೆಗಾಗಿ ಅಚ್ಚು ಹಾಕಿಸಿದ ಹೊಸ ಮನವಿ ಪತ್ರವಿತ್ತು. ಮೌನೇಶ! ದೇವದುರ್ಗ, ಮಾನ್ವಿ ತಾಲ್ಲೂಕಿನ ಹಳ್ಳಿಗಳಲ್ಲಿ ಸಂಸ್ಥೆ ಹಾಕಿಸಿದ ಕುಡಿಯುವ ನೀರಿನ ಘಟಕಗಳಿಗೆ ಅವನೇ ಮೆಕ್ಯಾನಿಕ್. ಯಾವ ಊರಲ್ಲಿ ನೀರು ಬರುತ್ತಿದೆ, ಯಾವ ಊರಲ್ಲಿ ನಿಂತಿದೆ ಎಂದು ವಾರಕ್ಕೊಮ್ಮೆ ಫೋನ್ ಮಾಡಿ ಹೇಳುತ್ತಿದ್ದ, ಅವಳು ಬರೆದುಕೊಳ್ಳುತ್ತಿದ್ದಳು. ಎಂಟು ತಿಂಗಳಲ್ಲಿ ಐದು ನಿಮಿಷದ ವರದಿ ಅರ್ಧ ಗಂಟೆಯಾಗಿತ್ತು. ಉಳಿದ ಇಪ್ಪತ್ತೈದು ನಿಮಿಷ ಏನು ಮಾತಾಡಿದಿರಿ ಎಂದು ಯಾರಾದರೂ ಕೇಳಿದ್ದರೆ ಇಬ್ಬರಿಗೂ ಹೇಳಲು ಬರುತ್ತಿರಲಿಲ್ಲ.

ದನಿ ಕೇಳಿ ದೊಡ್ಡ ಮೀಸೆ ಇರಬಹುದು ಅಂದುಕೊಂಡಿದ್ದಳು. ಮೀಸೆ ಇರಲಿಲ್ಲ, ರೆಪ್ಪೆ ಮಾತ್ರ ಹುಡುಗಿಯರಿಗೂ ಹೊಟ್ಟೆಕಿಚ್ಚಾಗುವಷ್ಟು ಉದ್ದವಿತ್ತು. ಹೊಗಳಲಿಕ್ಕೇ ಬಂದಿದ್ದಾನೆ ಎಂದು ಅವಳು ದುಪಟ್ಟಾ ಸರಿಮಾಡಿಕೊಂಡಳು.

"ನಾನೇ ತಗದದ್ದು. ಛಂದ ಬಂದದಲ್ಲ?"

ಫೋಟೋ ಚೆಂದವೇ ಬಂದಿತ್ತು. ಬೋರ್‌ವೆಲ್ ಪಕ್ಕದಲ್ಲಿ ಖಾಲಿ ಕೊಡ ಹಿಡಿದ ಹೆಂಗಸು, ಕಣ್ಣಲ್ಲಿ ನೀರು. ಕೆಳಗೆ ವೇದಶ್ರೀಯ ಸಾಲು: 'ಗಂಡನನ್ನು ಕಳೆದುಕೊಂಡ ಈ ತಾಯಿಯ ಕೊಡ ತುಂಬಿಸುವಿರಾ?' ಮೂರು ವರ್ಷದಲ್ಲಿ ಬಾರದಷ್ಟು ದೇಣಿಗೆ ಈ ಒಂದು ಪತ್ರಕ್ಕೆ ಬಂದಿತ್ತು.

"ಪಾಪ, ಆಕಿ ಗಂಡ ಹೋದ ಮ್ಯಾಲೆ..."

"ಎಲ್ಲಿಗೆ ಹೋಗ್ಯಾನ್ರೀ?"

"ಅಂದ್ರ, ತೀರಿಕೊಂಡ ಮ್ಯಾಲೆ."

"ಮುಂಜಾನಿ ಮೂರು ರೊಟ್ಟಿ ತಿಂದು ಹೊಲಕ್ಕ ಹೋದ್ನಲ್ರೀ! ಈಕಿ ನಮ್ಮವ್ವ ಅಂಬಮ್ಮ. ನೀವು ಕೊಂದಿದ್ದು ನಮ್ಮಪ್ಪನ್ನ."

ವೇದಶ್ರೀ ಇಂಗು ತಿಂದ ಮಂಗನಂತಾದಳು. "ಹಣೀ ಮ್ಯಾಲೆ ಬರೀ ವಿಭೂತಿ ಇತ್ತು, ಕುಂಕುಮ ಇರಲಿಲ್ಲ. ಹಿಂಗಾಗಿ ನಾ..."

"ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು, ಪೂಜಿಗೆ ನೀರು ತರಾಕ ಬಂದಿದ್ಲು. ಪೂಜಿ ಆದ ಮ್ಯಾಲೇ ಆಕಿ ಕುಂಕುಮ ಹಚ್ಚೋದು. ಕಣ್ಣಾಗಿನ ನೀರು ಬಿಸಲಿಗೆ ಬಂದದ್ದು."

ವೇದಶ್ರೀಯದು ತಲೆಮಾರುಗಳಿಂದ ರಾಯರ ಮಠದ ಸೇವೆಯಲ್ಲಿದ್ದ ಮನೆತನ. ಆ ಮನೆಯಲ್ಲಿ ವಿಭೂತಿ ಹಚ್ಚುವವರಿಲ್ಲ, ಕುಂಕುಮವಿಲ್ಲದ ಹಣೆಗೆ ಇದ್ದದ್ದು ಒಂದೇ ಅರ್ಥ. ಆ ಅರ್ಥವನ್ನು ಅವಳು ಅಂಬಮ್ಮನ ಊರು ಬಾಗಲವಾಡಕ್ಕೂ ಹೊತ್ತೊಯ್ದಿದ್ದಳು. ಫೋಟೋ ತೆಗೆದಿದ್ದಳು, ಒಂದು ಮಾತೂ ಆಡಿಸದೆ ಬಂದಿದ್ದಳು.

ಭಾನುವಾರ ತಪ್ಪು ಒಪ್ಪಿಕೊಳ್ಳಲು ಬಾಗಲವಾಡಕ್ಕೆ ಹೋದಳು. ಹೊರಸಿನ ಮೇಲೆ ಕೂತಿದ್ದ ಮಲ್ಲಯ್ಯ ಎದ್ದು ಜಾಗ ಕೊಟ್ಟ.

"ಬರ್ರಿ ಬಾಯಾರ, ಕುಂದರ್ರಿ. ಸತ್ತಾಂವ ನಾನೇ. ಚಾ ಕುಡೀತೀರಿಲ್ಲ?"

ಅಂಬಮ್ಮ ಬಿದ್ದು ಬಿದ್ದು ನಕ್ಕಳು. ನಕ್ಕು ಕಣ್ಣೊರೆಸಿಕೊಂಡು, ವೇದಶ್ರೀಯ ಕೈ ಹಿಡಿದಳು. "ನಗಿ ಬಂತು, ನಕ್ಕೆ. ಆದ್ರ ಯವ್ವಾ, ಬದುಕಿರೋ ಗಂಡನ್ನ ಬರದು ಸಾಯಿಸೋದು ಛಲೋ ಅಲ್ಲ. ಇನ್ನೊಮ್ಮೆ ಹಿಂಗ ಮಾಡಬ್ಯಾಡ."

"ಮಾಡೂದಿಲ್ರಿ," ಎಂದಳು ವೇದಶ್ರೀ. ಅಂಥ ನಾಚಿಕೆ ಅವಳಿಗೆ ಹಿಂದೆಂದೂ ಆಗಿರಲಿಲ್ಲ.

ವಾಪಸ್ ಬರುವಾಗ ಮೌನೇಶ ಊರ ಘಟಕದ ಮುಂದೆ ಬೈಕ್ ನಿಲ್ಲಿಸಿದ. ಬಾಗಿಲಿಗೆ ಬೀಗ. ಬಾಗಿಲ ಮೇಲ್ಗಡೆ ಗೋಡೆಯಲ್ಲಿ ನುಣುಪಾದ ಕರಿಕಲ್ಲು, ಅದರಲ್ಲಿ ಬಂಗಾರದ ಬಣ್ಣದಲ್ಲಿ ದಾನಿಯ ತಂದೆಯ ಹೆಸರು. ನೀರು ಸೋಸುವ ಮೆಂಬ್ರೇನ್ ಹಾಳಾಗಿ ಐದು ತಿಂಗಳಾಗಿತ್ತು. ಅವನು ಪ್ರತಿ ವಾರ ಹೇಳಿದ್ದ, ಅವಳು ಪ್ರತಿ ವಾರ ಬರೆದುಕೊಂಡಿದ್ದಳು. ಸಂಸ್ಥೆಯ ವಾರ್ಷಿಕ ವರದಿಯಲ್ಲಿ ಮಾತ್ರ ನಲವತ್ತಕ್ಕೆ ನಲವತ್ತೂ ಘಟಕ ನಡೆಯುತ್ತಿದ್ದವು.

"ರಿಪೇರಿಗೆ ಯಾಕ ರೊಕ್ಕ ಇಲ್ಲ?"

"ಕಲ್ಲಿನ ಮ್ಯಾಲ ಹೆಸರು ಹಾಕಿಸೋರು ಬೇಕಾದಷ್ಟು ಮಂದಿ ಸಿಗ್ತಾರ್ರೀ. ಮೆಂಬ್ರೇನ್ ಮ್ಯಾಲ ಯಾರ ಹೆಸರು ಹಾಕೂದು? ಬಂದದ್ದೆಲ್ಲಾ ಹೊಸದು ಕಟ್ಟಾಕ, ಮತ್ತ ನಿಮ್ಮ ಪತ್ರ ಅಚ್ಚು ಹಾಕ್ಸಾಕ ಹೋಗತದ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಅವಳ ಕೈ ತಾನಾಗಿ ಬ್ಯಾಗಿನೊಳಗಿನ ಪತ್ರಗಳ ಕಟ್ಟಿನ ಮೇಲೆ ಹೋಯಿತು.

ಆಮೇಲೆ ಪ್ರತಿ ಭಾನುವಾರ ಅವನ ಜೊತೆ ಊರೂರು ತಿರುಗಿದಳು. ನಿಂತುಹೋದ ಘಟಕ ದೇವದುರ್ಗದ ಕಡೆ ಏಳು, ನೀರಮಾನ್ವಿಯಲ್ಲಿ ಒಂದು. ಅವನು ಘಟಕದೊಳಗೆ ತಲೆ ಹಾಕಿ ಕೈ ಚಾಚಿದರೆ ಇವಳು ನಟ್ಟು ಬಿಚ್ಚುವ ಪಾನಾ ಕೊಡುತ್ತಿದ್ದಳು. ಕೊಡುವಾಗ ಬೆರಳು ತಾಗಿದರೆ ಇಬ್ಬರೂ ಪಾನಾವನ್ನೇ ನೋಡುತ್ತಿದ್ದರು. ನೀರಮಾನ್ವಿಯಲ್ಲಿ ನೀರು ಬಂದಾಗ ಮೊದಲ ಲೋಟ ಅವಳ ಮುಂದೆ ಹಿಡಿದ.

"ಮೊದ್ಲು ನೀವು ಕುಡೀರಿ. ಏನರ ಆದ್ರ ಮುಂದಿನ ಪತ್ರಕ್ಕ ನಿಮ್ಮ ಫೋಟೋ ಹಾಕ್ತೀವಿ."

"ಏನಂತ ಬರೀತೀರಿ ಕೆಳಗ?"

ಮೌನೇಶ ಅವಳ ಮುಖ ನೋಡಿದ. ನೋಡುವುದು ಎಷ್ಟು ಬೇಕೋ ಅದಕ್ಕಿಂತ ತುಸು ಹೆಚ್ಚೇ ನೋಡಿದ. "ನನಗ ಬರಿಯಾಕ ಬರಂಗಿಲ್ರಿ," ಎಂದು ಲೋಟ ತೊಳೆಯಲು ಹೋದ. ಅವಳಿಗೆ ಅವನ ಮೇಲೆ ಪ್ರೀತಿಯಾಗಿತ್ತು. ಸುತ್ತು ಬಳಸಿ ಹೇಳುವುದೇನಿದೆ?

ಅಷ್ಟರಲ್ಲಿ ಸಂಸ್ಥೆಯ ಕಾರ್ಯದರ್ಶಿ ಜಯಸಿಂಹ ಅವಳನ್ನು ಕರೆಸಿದ. ಹೈದರಾಬಾದಿನ ದಾನಿ ಶೈಲಜಾ ಮನವಿ ಪತ್ರ ಓದಿ ಅತ್ತಿದ್ದರಂತೆ. ಇನ್ನೂ ಹತ್ತು ಘಟಕ ಕೊಡುವವರಿದ್ದರು. ಅದಕ್ಕೂ ಮೊದಲು ಆ ವಿಧವೆಯನ್ನು ನೋಡಬೇಕಂತೆ. ಅಂಬಮ್ಮನ ಗಂಡ ಬದುಕಿರುವುದು ಜಯಸಿಂಹನಿಗೂ ಅಷ್ಟರಲ್ಲಿ ಗೊತ್ತಾಗಿತ್ತು.

"ಮೌನೇಶಗ ನೀ ಹೇಳಿದ್ರ ಕೇಳ್ತಾನ. ಅವರಪ್ಪ ಒಂದು ತಾಸು ಹೊಲದಾಗ ಇರ್ಲಿ. ಅಂಬಮ್ಮ ಕುಂಕುಮ ಒರಸಿ, ಬಳಿ ತಗದು ಕೂತ್ರ ಸಾಕು."

"ಸರ್, ಆಕಿ ಮುತ್ತೈದಿ!"

"ಹತ್ತು ಊರಿನ ನೀರು, ವೇದಾ. ನಿನ್ನ ನೌಕರಿ ಬ್ಯಾರೆ."

ಊರಿಗೆ ಉಪಕಾರ ಮಾಡಬಾರದು ಎಂದು ಹಿರಿಯರು ಇದನ್ನೆಲ್ಲ ನೋಡಿಯೇ ಹೇಳಿರಬೇಕು. ಎರಡು ದಿನ ವೇದಶ್ರೀ ಸರಿಯಾಗಿ ಉಣ್ಣಲಿಲ್ಲ. ಹತ್ತು ಊರಿನ ಹೆಂಗಸರು ಕಣ್ಣ ಮುಂದೆ ಬರುತ್ತಿದ್ದರು, ಅವರ ಹಿಂದೆ ಬೀಗ ಹಾಕಿದ ಬಾಗಿಲೂ ಬರುತ್ತಿತ್ತು. ಮೌನೇಶನಿಗೆ ಹೇಳಿದರೆ ಅವನು ಬಯ್ಯುವವನಲ್ಲ. ಸುಮ್ಮನೆ ಎದ್ದು ಹೋಗುವವನು, ಮತ್ತೆ ಈ ಕಡೆ ತಿರುಗಿ ನೋಡದವನು. ಅದನ್ನು ತಡೆದುಕೊಳ್ಳುವ ಶಕ್ತಿ ತನಗಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅವಳು ಆ ಮಾತನ್ನು ಬಾಗಲವಾಡಕ್ಕೆ ಮುಟ್ಟಿಸಲೇ ಇಲ್ಲ.

ಶೈಲಜಾ ಬಂದ ದಿನ ಜಯಸಿಂಹನ ಕಾರು ಅವರನ್ನೂ ವೇದಶ್ರೀಯನ್ನೂ ಕರೆತಂದು ಅಂಬಮ್ಮನ ಮನೆ ಮುಂದೆ ನಿಂತಿತು. ಅಂಗಳದಲ್ಲಿ ಅಂಬಮ್ಮ ಹಣೆ ತುಂಬ ಕುಂಕುಮ ಇಟ್ಟುಕೊಂಡು, ಕೈ ತುಂಬ ಹಸಿರು ಬಳೆ ತೊಟ್ಟು ನಿಂತಿದ್ದಳು. ಪಕ್ಕದಲ್ಲಿ ಮಲ್ಲಯ್ಯ ಕೈ ಮುಗಿದ. ಜಯಸಿಂಹನ ಮುಖ ಬಿಳಿಚಿತು.

"ಇವರು ಯಾರು?" ಎಂದರು ಶೈಲಜಾ.

ವೇದಶ್ರೀ ಮುಂದೆ ಬಂದಳು. "ಇವರು ಅಂಬಮ್ಮನವರ ಯಜಮಾನ್ರು. ಅವರು ತೀರಿಕೊಂಡಾರ ಅಂತ ತಿಳೀದ ಬರದಾಕಿ ನಾನು. ಅದು ಸುಳ್ಳು. ನೀರಿಲ್ಲ ಅನ್ನೋದು ಮಾತ್ರ ಖರೆ. ಯಾಕಿಲ್ಲ ಅಂತ ತೋರಸ್ತೀನಿ, ಬರ್ರಿ."

ಘಟಕದ ಮುಂದೆ ನಿಂತು ಶೈಲಜಾ ಕಲ್ಲಿನ ಮೇಲಿನ ಅಕ್ಷರ ಓದಿದರು. ಕರಿಕಲ್ಲಿನ ಮೇಲಿದ್ದದ್ದು ಅವರ ತಂದೆಯ ಹೆಸರು.

"ನಮ್ಮ ನಾನ್ನ ಹೆಸರಿನ ಕೆಳಗೆ ಬೀಗ," ಎಂದರು, ತಂದೆಯನ್ನು ತೆಲುಗಿನಲ್ಲೇ ಕರೆದು. "ಎಷ್ಟು ದಿನ ಆಯ್ತು?"

"ಆರು ತಿಂಗಳಾತ್ರೀ," ಎಂದ ಹಿಂದೆಯೇ ಬಂದಿದ್ದ ಮೌನೇಶ.

"ಹೊಸ ಘಟಕಕ್ಕೆ ಒಂದು ಪೈಸಾ ಕೊಡೋದಿಲ್ಲ. ಮೊದಲು ಇದನ್ನ ತೆರೀರಿ. ಮೆಂಬ್ರೇನ್ ಬಿಲ್ಲು ನನಗೇ ಕಳಿಸಿ." ವೇದಶ್ರೀಯನ್ನು ಹೊಗಳಲೂ ಇಲ್ಲ, ಕ್ಷಮಿಸಲೂ ಇಲ್ಲ. ಕಾರು ಹತ್ತಿ ಬಾಗಿಲು ಹಾಕಿಕೊಂಡರು.

ಜಯಸಿಂಹ ಹಲ್ಲು ಕಚ್ಚಿ ಹೇಳಿದ. "ಸೋಮವಾರದಿಂದ ಬರಬ್ಯಾಡ."

ಕಾರಿನ ಧೂಳು ಅಡಗಿತು. ಉಳಿದವರು ಇಬ್ಬರೇ. ಮೌನೇಶನ ಕಿವಿಯವರೆಗೆ ಸಿಟ್ಟು ಏರಿತ್ತು.

"ಅವ್ವಗ ಕುಂಕುಮ ಒರಸಾಕ ಹೇಳು ಅಂತ ಸಾಹೇಬ್ರು ನಿಮಗ ಹೇಳಿದ್ರಂತ. ಅವರ ಕಾರಿನ ಡ್ರೈವರ್ ಈಗ ಹೇಳಿದ. ನನಗ ಯಾಕ ಹೇಳ್ಲಿಲ್ಲ?"

"ಹೇಳೋ ಮಾತಲ್ಲ ಅದು. ಹೇಳಿದ್ರ ನೀವು ನನ್ನ ಮಾರಿ ನೋಡ್ತಿರಲಿಲ್ಲ."

"ಹತ್ತು ಘಟಕ ಹೋದವು. ನಿಮ್ಮ ನೌಕರಿನೂ ಹೋತು."

"ಹೋತು." ಅವಳ ಕಣ್ಣು ತುಂಬಿದವು, ಒರೆಸಿಕೊಳ್ಳಲಿಲ್ಲ. "ಮೌನೇಶ, ನನಗ ನೀವು ಬೇಕು. ನನ್ನ ಮದುವಿ ಆಗ್ತೀರೇನು?"

ಅವನ ಸಿಟ್ಟು ಎಲ್ಲಿ ಹೋಯಿತೋ! ಎಣ್ಣೆ ಮೆತ್ತಿದ ಕೈಯನ್ನು ಪ್ಯಾಂಟಿಗೆ ಒಮ್ಮೆ ಒರೆಸಿಕೊಂಡ, ಇನ್ನೊಮ್ಮೆ ಒರೆಸಿಕೊಂಡ.

"ನಿಮ್ಮ ಮನ್ಯಾಗ ಒಪ್ಪತಾರೇನ್ರೀ?"

"ಇಲ್ಲ. ದೊಡ್ಡ ಜಗಳ ಆಗತದ. ನಾ ನಿಮ್ಮನ್ನ ಕೇಳಿದ್ದು."

"ನನಗ ನಿಮ್ಮಂಗ ಮಾತು ಜೋಡ್ಸಾಕ ಬರಂಗಿಲ್ಲ. ಹೂಂ ಅಂದ್ರ ಸಾಕೇನು?"

"ಸಾಕು."

"ಹೂಂ," ಅಂದ ಮೌನೇಶ, ಮತ್ತು ಮೊದಲ ಬಾರಿಗೆ ಅವಳ ಕೈ ಹಿಡಿದ.