ಮಂಡಿ ಮೈಕಿನೊಳಗಿನ ಅವ್ವ

ಸೋಮವಾರ ಬೆಳಿಗ್ಗೆ ಹಡಗಲಿಯ ಹಾಲೇಶಪ್ಪನ ಹೂವಿನ ಮಂಡಿಯಲ್ಲಿ ಮೈಕು ಬೇರೆ ಯಾರದೋ ದನಿಯಲ್ಲಿ ಮಾತಾಡಿತು.

"ಹರಪನಹಳ್ಳಿ ಬುಟ್ಟಿಗಳನ್ನು ತನ್ನಿ."

ಮಲ್ಲಿಗೆ ಕಟ್ಟುತ್ತಿದ್ದ ಕ್ರಾಂತಿಯ ಬೆರಳು ನಿಂತವು. ಆ ಮೈಕಿನಲ್ಲಿ ಕೂಗುತ್ತಿದ್ದುದು ಅವಳ ಅವ್ವ ಜೋಗಮ್ಮ. ಅವ್ವ ಸತ್ತು ಹತ್ತು ತಿಂಗಳು. ಸಾಯುವ ಮೊದಲು ಮಂಡಿಯ ಕಂಪ್ಯೂಟರಿಗೆ ದನಿ ಕೊಟ್ಟಿದ್ದಳು. ಅವಳು ಸತ್ತ ಮೇಲೂ ಮೈಕಿನಲ್ಲಿ ಕೂಗುತ್ತಿದ್ದುದು ಆ ದನಿಯೇ; ಅದು ಬೇರೆಲ್ಲೂ ಉಳಿದಿರಲಿಲ್ಲ.

"ಸಾವ್ಕಾರ್ರು ಪ್ಯಾಟಿ ದನಿ ತರಿಸ್ಯಾರ," ಎಂದಳು ಪಕ್ಕದ ಅಂಜಿನಕ್ಕ. "ಸತ್ತಾಕಿನ್ನ ಎಷ್ಟು ದಿನ ದುಡಿಸ್ತಾರ, ಪಾಪ."

ಎಂಟನೆಯ ತರಗತಿಗೇ ಶಾಲೆ ಬಿಟ್ಟ ಕ್ರಾಂತಿ ಜನರೆದುರು ಬಾಯಿ ಬಿಡುವವಳಲ್ಲ. ಅಂದು ಮಾತ್ರ ಸಾಹುಕಾರನ ಎದುರು ಹೋಗಿ ನಿಂತಳು.

"ಆಕಿ ದನಿ ನಾ ಯಾಕ ತಗೀಲಿ? ಆಕಿ ಕೂಗಿದ್ರ ಹಮಾಲರು ಓಡಿ ಬರ್ತಿದ್ರು," ಎಂದ ಹಾಲೇಶಪ್ಪ. "ಗುರುಮೂರ್ತಿನ್ನ ಕರಸ್ತೀನಿ ತಡಿ."

* * *

ಮರುದಿನ ಕೊಟ್ಟೂರಿನಿಂದ ಗುರುಮೂರ್ತಿ ಬಂದ. ಪ್ರೋಗ್ರಾಂ ಕೂರಿಸಿದವನು ಅವನೇ. ದಿನಾ ಅದನ್ನು ಶುರು ಮಾಡಿ ಬುಟ್ಟಿ ಏರಿಸಲು ಹೋಗುವವನು ಕ್ರಾಂತಿಯ ಅಪ್ಪ ಗಾಳೆಪ್ಪ. ಮಂಗಳವಾರ ಅವನು ಹೂ ತರಲು ತೆಲಿಗಿಗೆ ಹೋಗುತ್ತಿದ್ದ. ಹಾಗಾಗಿ ಗುರುಮೂರ್ತಿ ತನ್ನ ಲಾಗಿನ್ನಿನಲ್ಲೇ ಶುರು ಮಾಡಿದ.

"ಹರಪನಹಳ್ಳಿ ಬುಟ್ಟಿ ತರ್ರಿ. ಬಿಸಿಲು ಏರ್ತೈತಿ."

ಅವ್ವ. ಕ್ರಾಂತಿ ಹೂ ಬಿಟ್ಟು ಮೈಕಿನ ಹತ್ತಿರ ಬಂದಳು.

"ದನಿ ಫೈಲು ಇದ್ದಲ್ಲೇ ಐತಿ, ತಾರೀಖೂ ಬದಲಾಗಿಲ್ಲ. ಕೆಟ್ಟಿದ್ರಲ್ಲೇನು ರಿಪೇರಿ ಮಾಡೂದು?" ಎಂದು ನಕ್ಕು ಗುರುಮೂರ್ತಿ ಊರಿಗೆ ಹೋದ.

ಬುಧವಾರ ಮತ್ತೆ ಅದೇ ಪರಕೀಯ ದನಿ. ಕ್ರಾಂತಿ ಅವನಿಗೆ ಫೋನ್ ಮಾಡಿದಳು.

"ಸರ್, ಅಪ್ಪ ಶುರು ಮಾಡಿದ್ರ ಬ್ಯಾರೆ ದನಿ. ನೀವು ಮಾಡಿದ್ರ ಅವ್ವ. ಪ್ರೋಗ್ರಾಂ ಒಂದೇ ಅಲ್ಲೇನ್ರಿ?"

ಗುರುಮೂರ್ತಿ ಬಿಡಿಸಿ ಹೇಳಿದ.

"ಪ್ರೋಗ್ರಾಮಿನೊಳಗ ದನಿ ಇರಲ್ಲ ತಂಗಿ. ದನಿ ತುಂಬಿದ ಲೈಬ್ರರಿ ಫೈಲಿನ ಹೆಸರಷ್ಟೇ ಇರ್ತೈತಿ. ಶುರುವಾದಾಗ ಆ ಹೆಸರು ಹಿಡಿದು ಒಂದೊಂದೇ ಫೋಲ್ಡರ್ ಹುಡುಕ್ತೈತಿ. ಮೊದಲು ಸಿಕ್ಕಿದ್ದನ್ನ ತಗೊಂತೈತಿ, ಮುಂದ ನೋಡಲ್ಲ."

"ಯಾವ ಫೋಲ್ಡರ್ ಮೊದಲು ಅಂತ ಯಾರು ಹೇಳ್ತಾರ್ರಿ?"

"ಶುರು ಮಾಡೋರು ಹೇಳಬಹುದು. ತಮ್ಮ ಲಾಗಿನ್ನಿನ್ಯಾಗ ಒಂದು ಸಾಲು ಬರೆದಿಟ್ರ ಸಾಕು. ಹಿಂದ ನಾನು ಹೊಸಾ ದನಿ ಒಂದನ್ನ ಅದೇ ಹೆಸರಿಟ್ಟು, ಬ್ಯಾರೆ ಫೋಲ್ಡರಿನ್ಯಾಗ ಪರೀಕ್ಷೆಗೆ ಇಟ್ಟಿದ್ದೆ. ಆ ಸಾಲು ಬರಿಯೂದು ಒಬ್ರಿಗೇ ಕಲಿಸಿದ್ದು."

ಯಾರಿಗೆ ಎಂದು ಕ್ರಾಂತಿ ಕೇಳಲಿಲ್ಲ.

* * *

ಗಾಳೆಪ್ಪ ಖಾಲಿ ಬುಟ್ಟಿ ಜೋಡಿಸುತ್ತಿದ್ದ.

"ಅಪ್ಪಾ, ಆ ಸಾಲು ನೀನ ಬರದೀಯೇನು?"

ಅವನು ತಿರುಗಲಿಲ್ಲ.

"ಅಳಿಸಿಲ್ಲವ್ವ. ಅಳಿಸಾಕ ಕೈ ಬರ್ಲಿಲ್ಲ. ಆಕಿಗಿಂತ ಮೊದಲು ಇನ್ನೊಬ್ಬಾಕಿ ಸಿಗೂವಂಗ ಮಾಡೀನಿ, ಅಷ್ಟ."

"ಯಾಕಪ್ಪಾ?"

"ಬಸ್ಸು ಬಂದಾಗೆಲ್ಲ 'ಗಾಳೆಪ್ಪ, ಬರ್ರಿ' ಅಂತೈತಿ ಅದು. ಇಪ್ಪತ್ತು ವರ್ಷದ ಬಾಳ್ವಿಯೊಳಗ ಆಕಿ ನನ್ನ ಹೆಸರು ಹಿಡೀಲಿಲ್ಲ. ದನಿ ಕೊಡೂವಾಗ ಒಂದು ಸಲ ಅಂದ್ಲು, ಸೆರಗಿಲೆ ಮಾರಿ ಮುಚ್ಕೊಂಡು, ನಗ್ತಾ. ಈಗ ದಿನಾ ಹತ್ತು ಸಲ ಕರೀತಾಳ. ಹತ್ತು ತಿಂಗಳು ತಡಕೊಂಡೆ. ಹ್ಯಾಂಗ ಹೋಗ್ಲಿ ಆಕಿ ಕಡಿಗೆ?"

ಕ್ರಾಂತಿ ಆ ಸಾಲು ತೆಗೆಸಲಿಲ್ಲ.

* * *

ಮುಂದಿನ ಮಂಗಳವಾರ ಅಪ್ಪ ತೆಲಿಗಿ ಬಸ್ಸು ಹತ್ತಿದ. ಗುರುಮೂರ್ತಿ ಮಾಡಿಕೊಟ್ಟ, ಆ ಸಾಲಿಲ್ಲದ ತನ್ನದೇ ಲಾಗಿನ್ನಿನಲ್ಲಿ ಕ್ರಾಂತಿ ಪ್ರೋಗ್ರಾಂ ಶುರು ಮಾಡಿ ಹೂವಿನ ಮುಂದೆ ಕೂತಳು. ಹರಪನಹಳ್ಳಿ ಬಸ್ಸು ಬಂತು.

"ಗಾಳೆಪ್ಪ, ಬರ್ರಿ."

ಮಾತಿನ ಕೊನೆಗೆ ತಡೆದುಕೊಂಡ ಒಂದು ಸಣ್ಣ ನಗು.

"ಅಪ್ಪ ಊರಾಗಿಲ್ಲವ್ವ," ಎಂದಳು ಕ್ರಾಂತಿ, ಹೂವಿನಿಂದ ತಲೆ ಎತ್ತದೆ.