ಗೋಡೆಯಲ್ಲಿದ್ದ ಹಸ್ತ

ಬೆಳಿಗ್ಗೆ ಏಳಕ್ಕೆ ಬೆಟ್ಟದ ತುದಿಯ ಹಳೆಯ ಪ್ರಾರ್ಥನಾಲಯದ ಬಾಗಿಲು ತೆರೆದ ಮೇಲ್ವಿಚಾರಕ ಹೊಸ್ತಿಲಲ್ಲೇ ನಿಂತುಬಿಟ್ಟ. ಗೋಡೆಯಲ್ಲಿದ್ದ ಹಸ್ತದ ಕಲ್ಲು ಇರಲಿಲ್ಲ!

ಹಿಂದೊಮ್ಮೆ ಗುಡ್ಡ ಕುಸಿದಾಗ ಕುರಿ ಕಾಯುವ ಹುಡುಗಿಯೊಬ್ಬಳು ಈ ಗೋಡೆಗೆ ಅಂಗೈ ಒತ್ತಿ ನಿಂತಳಂತೆ. ಗುಡ್ಡ ಅಲ್ಲೇ ನಿಂತಿತಂತೆ, ಅಂಗೈ ಕಲ್ಲಿನಲ್ಲಿ ಮೂಡಿತಂತೆ. ಅದನ್ನು ಮುಟ್ಟಿ ಬೇಡಿಕೊಳ್ಳಲೆಂದೇ ಜನ ಏದುಸಿರು ಬಿಡುತ್ತ ಹತ್ತಿ ಬರುತ್ತಿದ್ದರು. ನಾಳೆ ಕಲ್ಲನ್ನು ಪರೀಕ್ಷಿಸಲು ವಸ್ತುಸಂಗ್ರಹಾಲಯದ ತಜ್ಞರೂ ಬರುವವರಿದ್ದರು. ಈಗ ಉಳಿದದ್ದು ಒಂದು ಗೂಡು, ಅದರೊಳಗೆ ಕೆಲಸಕ್ಕೆ ಬಾರದ ಒಂದು ಗುಂಡುಕಲ್ಲು. ಸಿಟ್ಟಿನಲ್ಲಿ ಅದನ್ನು ಕಿತ್ತು ಹೊರಗೆಸೆದ.

ಯಾರೆಂದು ಯೋಚಿಸಲು ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಗೋಡೆಗೆ ಗಾರೆ ಹಾಕಲು ಮೂರು ವಾರದ ಹಿಂದೆ ಬಂದಿದ್ದ ಬೇರೆ ಊರಿನ ಮೇಸ್ತ್ರಿ! ಅವನು ಮೆಟ್ಟಿಲು ಹತ್ತಿ ಬರುತ್ತಿದ್ದಂತೆ, ಇಪ್ಪತ್ತು ಮೂವತ್ತು ಯಾತ್ರಿಕರ ಎದುರಿಗೇ ಮೇಲ್ವಿಚಾರಕ ಅವನ ಚೀಲ ಕಸಿದು ಸುರಿದ. ಕರಣೆ, ಉಳಿ, ತೂಗುಗುಂಡು, ಬುತ್ತಿ, ಮಗಳ ಫೋಟೋ. ಕಲ್ಲಿರಲಿಲ್ಲ. ಮೇಸ್ತ್ರಿ ತಲೆ ಎತ್ತದೆ ಒಂದೊಂದನ್ನೇ ಹೆಕ್ಕಿಕೊಂಡ.

ಮಧ್ಯಾಹ್ನ ಕೆಳಗಿನ ಠಾಣೆಯಿಂದ ಇನ್ಸ್‌ಪೆಕ್ಟರಮ್ಮ ಬಂದರು. ಮೇಲ್ವಿಚಾರಕನ ಅಡುಗೆಮನೆಯಲ್ಲೇ ವಿಚಾರಣೆ. ಬಾಗಿಲು ಗಾಳಿಗೆ ಧಡಾರ್ ಎಂದು ಬಡಿದುಕೊಳ್ಳುತ್ತಿತ್ತು, ಅವನ ಅಕ್ಕ ಪದೇ ಪದೇ ಎದ್ದು ಅದನ್ನು ಹಿಂದಕ್ಕೆ ತಳ್ಳುತ್ತಿದ್ದಳು.

"ಬೀಗ ಒಡೆದಿದ್ದಾರಾ?"

"ಇಲ್ಲ ಮೇಡಂ. ಕೀಲಿ ಇಲ್ಲೇ ಮೊಳೆಗೆ ಹಾಕಿರ್ತೀವಿ. ದಿನಾ ತಗೊಂಡು ಹೋಗೋನು ಈ ಮೇಸ್ತ್ರೀನೇ. ಇನ್ನೇನು ಸಾಕ್ಷಿ ಬೇಕು?"

"ಮನೇಲಿ ಯಾರ್ಯಾರಿದ್ದೀರಿ?"

"ನಾನು, ನಮ್ಮಕ್ಕ. ನನಗಿಂತ ಮುಂಚೆ ಅಪ್ಪ ಈ ಕೆಲಸದಲ್ಲಿದ್ರು. ಅವರು ಹೋಗಿ ಇಪ್ಪತ್ತು ವರ್ಷ ಆಯ್ತು."

ಇನ್ಸ್‌ಪೆಕ್ಟರಮ್ಮ ಮೂಲೆಯಲ್ಲಿ ನಿಂತಿದ್ದ ಮೇಸ್ತ್ರಿಯ ಕಡೆ ತಿರುಗಿದರು.

"ಕುರಿ ಕಾಯೋಳ ಕಥೆ ಗೊತ್ತಾ ನಿಮಗೆ?"

"ಬೋರ್ಡಲ್ಲಿ ಬರೆದಿರೋಷ್ಟು ಗೊತ್ತು."

"ಬೋರ್ಡಲ್ಲಿ ಬರೀದೇ ಇರೋದು?"

"ಅಂಥದ್ದೂ ಇದೆಯಾ ಮೇಡಂ?"

ಅವರು ನಕ್ಕು, ಮೇಲ್ವಿಚಾರಕನನ್ನು ಕೇಳಿದರು: "ಗೂಡು ಖಾಲಿ ಇತ್ತಾ?"

"ಖಾಲಿ... ಒಂದು ಗುಂಡುಕಲ್ಲು ಬಿದ್ದಿತ್ತು. ಎಸೆದೆ."

"ಬಿದ್ದಿತ್ತಾ? ಯಾರಾದ್ರೂ ಇಟ್ಟಿದ್ರಾ?"

ಅವನು ನೆನಪು ಮಾಡಿಕೊಂಡು ಹೇಳಿದ: ಕಲ್ಲಿನ ಸುತ್ತ ಬಟ್ಟೆ ತುರುಕಿತ್ತು. ಕೀಳಲು ಎರಡೂ ಕೈ ಬೇಕಾಗಿತ್ತು.

"ನಮ್ಮಜ್ಜಿ ಇದೇ ಊರಿನೋಳು," ಎಂದರು ಇನ್ಸ್‌ಪೆಕ್ಟರಮ್ಮ. "ಹಸ್ತದ ಜಾಗ ಒಂದು ಗಳಿಗೆ ಖಾಲಿ ಬಿಟ್ರೂ ಬೆಟ್ಟ ಕೆಳಗೆ ಬರುತ್ತೆ ಅಂತಿದ್ಲು. ಕದಿಯೋಕೆ ಬಂದೋನು ಕಿತ್ಕೊಂಡು ಓಡ್ತಾನೆ. ಬದಲಿ ಕಲ್ಲು ಹೊತ್ಕೊಂಡು ಬರೋರು ಬೆಟ್ಟಕ್ಕೆ ಹೆದರೋರು. ಹೊರಗೆ ಬಿದ್ದಿರೋ ಆ ಕಲ್ಲನ್ನ ಬರ್ತಾ ನೋಡಿದೆ, ನುಣುಪಾದ ಹೊಳೆಗಲ್ಲು; ಈ ಬೆಟ್ಟದಲ್ಲಿ ಹೊಳೆಯೇ ಇಲ್ಲ, ಯಾರೋ ಮನೆಬಳಕೆಗೆ ತಂದಿಟ್ಕೊಂಡಿದ್ದೇ ಇರ್ಬೇಕು. ಅಕ್ಕಾವ್ರೇ, ಈ ಬಾಗಿಲಿಗೆ ಒತ್ತಿಡ್ತಿದ್ದ ಕಲ್ಲೆಲ್ಲಿ?"

ಬಾಗಿಲು ಮತ್ತೆ ಬಡಿಯಿತು. ಈ ಸಲ ಯಾರೂ ಏಳಲಿಲ್ಲ. ಮೇಲ್ವಿಚಾರಕನಿಗೆ ಆಗ ಹೊಳೆಯಿತು: ಹುಟ್ಟಿದಾಗಿನಿಂದ ಎಡವುತ್ತ ಬಂದಿದ್ದ ಬಾಗಿಲ ಕಲ್ಲನ್ನು ಗೂಡಿನಲ್ಲಿ ಕಂಡಾಗ ಅವನು ಗುರುತಿಸಿರಲಿಲ್ಲ!

ಅಕ್ಕ ಹಿಟ್ಟಿನ ಡಬ್ಬದೊಳಗೆ ಕೈ ಹಾಕಿ ಹಸ್ತದ ಕಲ್ಲನ್ನು ತೆಗೆದು ಮೇಜಿನ ಮೇಲಿಟ್ಟಳು.

"ಇದು ಅಪ್ಪನ ಕೈ ಕಣೋ. ಹಳೇದು ಅವರ ಕೈ ಜಾರಿ ಚೂರಾಯ್ತು. ಯಾರಿಗೂ ಹೇಳದೆ ತಮ್ಮ ಎಡಗೈನೇ ಅಳತೆಗಿಟ್ಟು ಹೊಸದು ಕೆತ್ತಿದ್ರು. ಉಳಿ ಎತ್ತಿಕೊಟ್ಟೋಳು ನಾನು. ನಾಳೆ ತಜ್ಞರು ನೋಡಿದ್ರೆ ಅಪ್ಪನ ಮಾನ ಏನಾಗ್ತಿತ್ತು?"

"ಸುಳ್ಳು ಕಲ್ಲು ಅಂತ ಗೊತ್ತಿದ್ದೂ ಬದಲಿ ಯಾಕಿಟ್ಟೆ?"

"ಬೆಟ್ಟಕ್ಕೆ ಗೊತ್ತಿಲ್ವಲ್ಲೋ." ಅಕ್ಕ ಮೇಸ್ತ್ರಿಯ ಮುಖ ನೋಡಲಾರದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ಇವರ ಚೀಲ ಸುರಿದಾಗಲೇ ಹೇಳ್ಬೇಕಿತ್ತು. ನಾಲಿಗೆ ಏಳ್ಲಿಲ್ಲ."

ಮೇಲ್ವಿಚಾರಕ ತನ್ನ ಎಡಗೈಯನ್ನು ಕಲ್ಲಿನ ಮೇಲಿಟ್ಟ. ಬೆರಳು ಬೆರಳಿಗೂ ಸರಿಯಾಗಿ ಕೂತಿತು. ಅಪ್ಪ ಮುಚ್ಚಿಟ್ಟಿದ್ದ, ಅಕ್ಕ ಬಾಯಿ ಕಟ್ಟಿಕೊಂಡಿದ್ದಳು. ತಾನೋ, ಏನೂ ಮಾಡದವನನ್ನು ಅಷ್ಟು ಜನರ ಎದುರು ಕಳ್ಳನನ್ನಾಗಿ ಮಾಡಿದ್ದ.

ಮೇಸ್ತ್ರಿಯನ್ನು ಕರೆದುಕೊಂಡು ಮೆಟ್ಟಿಲ ಬಳಿ ಹೋದ. ಅಲ್ಲಿದ್ದವರಿಗೆಲ್ಲ ಕೇಳುವಂತೆ, "ಇವರು ಕಳ್ಳ ಅಲ್ಲ! ತಪ್ಪು ನಂದು, ನಮ್ಮ ಮನೇದು!" ಎಂದು ಕೂಗಿ ಕೈ ಮುಗಿದ.

ಜನ ಪಿಳಿಪಿಳಿ ನೋಡಿದರು. ಮೇಸ್ತ್ರಿ ಚೀಲ ಹೆಗಲಿಗೇರಿಸಿದ.

"ಇವರೆಲ್ಲ ಈಗ ಬಂದೋರು ಸ್ವಾಮಿ. ಬೆಳಿಗ್ಗೆ ನೋಡಿದೋರು ಆಗಲೇ ಇಳಿದು ಹೋದ್ರಲ್ಲ," ಎಂದ ಮೆಲ್ಲಗೆ. "ಕೆಳಗೆ ಊರೂರಲ್ಲಿ ಈಗ ನನ್ನ ಕಥೆ ಹೇಳ್ತಿರ್ತಾರೆ."

ಮೇಲ್ವಿಚಾರಕನ ಮುಗಿದ ಕೈ ಹಾಗೇ ಇತ್ತು. ಮೇಸ್ತ್ರಿ ಮೆಟ್ಟಿಲು ಇಳಿಯತೊಡಗಿದ.